ಗುಂಯ್ ಎಂದು ನಿಂತ ಗ್ರೈಂಡರ್: ರಿಪೇರಿಯೋ ಹೊಸದೋ, ನಾಲ್ಕು ವಾರದ ಲೆಕ್ಕ

2025 ಜೂನ್ 7, ಶನಿವಾರ

ಮೂರು ಪಾವು ಅಕ್ಕಿ, ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ ಬೆಳಗ್ಗೆಯೇ ನೆನೆಹಾಕಿದ್ದು. ಸಂಜೆ ಆರಕ್ಕೆ ಉದ್ದು ಸುರಿದು ಸ್ವಿಚ್ ಹಾಕಿದರೆ ಗ್ರೈಂಡರ್ ‘ಗುಂಯ್’ ಅಂದಿತೇ ಹೊರತು ಕದಲಲಿಲ್ಲ. ಒರಳಿನ ಅಂಚು ಹಿಡಿದು ಸ್ವಲ್ಪ ನೂಕಿದೆ. ತಿರುಗಿತು. ಉದ್ದು ಹಾಗೇ ಮುಗಿಯಿತು. ಅಕ್ಕಿ ಹಾಕಿದ ಮೇಲೆ ಎಷ್ಟು ನೂಕಿದರೂ ಗುಂಯ್, ಜೊತೆಗೆ ಸುಟ್ಟ ವಾರ್ನಿಷ್ ವಾಸನೆ. ಪ್ಲಗ್ ಕಿತ್ತೆ. ಅಕ್ಕಿ ಮಿಕ್ಸಿಗೆ ಹೋಯಿತು. ಜಾರು ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮಾರನೆಯ ದಿನದ ದೋಸೆ ರಟ್ಟಿನ ಹಾಗೆ ಬಂತು.

ಗ್ರೈಂಡರ್ ಯಾವುದು ಅಂತ ಹೇಳಿಬಿಡುತ್ತೇನೆ. ನೆಲದ ಮೇಲೆ ನಿಲ್ಲುವ ಹಳೇ ಕೊಯಮತ್ತೂರು ಪೆಟ್ಟಿಗೆ ಮಾದರಿ. ಸನ್‌ಮೈಕಾ ಹೊದಿಸಿದ ಪೆಟ್ಟಿಗೆ, ಮೇಲೆ ಕಲ್ಲಿನ ಒರಳು, ಒಳಗೆ ನಿಲ್ಲುವ ಗುಂಡು, ಕೆಳಗೆ ಮೋಟಾರು, ನಡುವೆ ವಿ-ಬೆಲ್ಟು. ತಿರುಗುವುದು ಒರಳು. ಗುಂಡು ನಿಂತಲ್ಲೇ ಉರುಳುತ್ತದೆ. ಹಿಟ್ಟು ತೆಗೆಯಬೇಕಾದರೆ ಗುಂಡನ್ನು ಕೈಯಲ್ಲೇ ಎತ್ತಬೇಕು. ಬಗ್ಗಿಸಿ ಸುರಿಯುವ ಟಿಲ್ಟಿಂಗ್ ಸೌಕರ್ಯ ಇದಕ್ಕಿಲ್ಲ. 1993ರಲ್ಲಿ ಅಪ್ಪ ತಂದದ್ದು. ಬಿಲ್ಲು ಸಿಗಲಿಲ್ಲ, ಮೂರು ಸಾವಿರದ ಚಿಲ್ಲರೆ ಅಂತ ಅಮ್ಮನ ನೆನಪು. ಮೋಟಾರಿನ ತಗಡಿನ ಮೇಲೆ ಇನ್ನೂ ಓದಲು ಬರುವುದು: 0.5 ಎಚ್‌.ಪಿ., 230 ವೋಲ್ಟ್, 1440 ಆರ್‌.ಪಿ.ಎಂ.

ಹೆಂಡತಿ ಅವತ್ತೇ ಹೇಳಿದಳು: “ರೀ, ಸಾಕು ಇನ್ನು. ಟೇಬಲ್ ಮೇಲಿಡೋದು ಒಂದು ತಂದುಬಿಡಿ. ಇದು ರಿಪೇರಿ ಆದ್ರೂ ಆ ಗುಂಡು ಎತ್ತೋರು ಯಾರು?”

ಮಾತಿನ ಮೊದಲರ್ಧಕ್ಕೆ ನಾನು ಉತ್ತರ ಕೊಟ್ಟೆ. ಉಳಿದರ್ಧ ಆಗ ಕಿವಿಗೆ ಬಿದ್ದಿರಲಿಲ್ಲ.

ಜೂನ್ 8, ಭಾನುವಾರ: ಲಗ್ನಪತ್ರಿಕೆಯ ಹಿಂಭಾಗದ ಲೆಕ್ಕ

ಬೆಳಗ್ಗೆ ಅಂಗಡಿಗೆ ಹೋಗಿ ಬೆಲೆ ಕೇಳಿಕೊಂಡು ಬಂದೆ. ಎರಡು ಲೀಟರಿನ ಟೇಬಲ್ ಟಾಪ್, 150 ವಾಟ್ ಮೋಟಾರು: 6,200 ರೂಪಾಯಿ. ನೆಲದ ಮೇಲಿಡುವ ಟಿಲ್ಟಿಂಗ್: 14,500. ಹಳೆಯದನ್ನು ವಾಪಸು ಕೊಟ್ಟರೆ 500 ಬಿಡುತ್ತಾರಂತೆ, ಅದೂ ನಾವೇ ಸಾಗಿಸಿ ಕೊಟ್ಟರೆ.

ಮನಸ್ಸಿನಲ್ಲಿ ಒಂದು ಗೆರೆ ಎಳೆದುಕೊಂಡೆ. ರಿಪೇರಿ ಖರ್ಚು 3,100 ದಾಟಿದರೆ, ಅಂದರೆ ಟೇಬಲ್ ಟಾಪಿನ ಅರ್ಧ ದಾಟಿದರೆ, ಕೈಬಿಡುವುದು. ಕರೆಂಟಿನ ಲೆಕ್ಕವನ್ನೂ ಹಾಕಿದೆ. ಹಳೆಯದು ಓಡುವಾಗ ಸುಮಾರು 550 ವಾಟ್ ಎಳೆಯುತ್ತದೆ ಅಂತ ಹಿಡಿದರೂ ವಾರಕ್ಕೊಮ್ಮೆ 45 ನಿಮಿಷಕ್ಕೆ 0.4 ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿ ಹಾಕಿ, ವರ್ಷಕ್ಕೆ 130 ರೂಪಾಯಿ ಆಗುವುದಿಲ್ಲ. ‘ಹೊಸದು ಕರೆಂಟು ಉಳಿಸುತ್ತೆ ಸಾರ್’ ಅನ್ನುವ ಅಂಗಡಿಯವನ ಮಾತನ್ನು ಅಲ್ಲಿಗೆ ಅಳಿಸಿದೆ. ಇಡೀ ದಿನ ಓಡುವ ಫ್ರಿಜ್ಜಾದರೆ ಮಾತು ಬೇರೆ. ವಾರಕ್ಕೆ ಮುಕ್ಕಾಲು ಗಂಟೆ ಓಡುವ ಯಂತ್ರಕ್ಕೆ ಆ ವಾದ ನಿಲ್ಲದು.

ಟೇಬಲ್ ಟಾಪ್ ಬಗ್ಗೆ ನನ್ನ ಅನುಮಾನಕ್ಕೆ ಅಕ್ಕನ ಮನೆಯ ಅನುಭವ ಕಾರಣ. ಹನ್ನೊಂದು ವರ್ಷದಲ್ಲಿ ಎರಡನೆಯದು ನಡೆಯುತ್ತಿದೆ. ಮೊದಲನೆಯದಕ್ಕೆ ಪಾತ್ರೆಯ ಕೆಳಗಿನ ಬೇರಿಂಗಿಗೆ ನೀರಿಳಿದು ತುಕ್ಕು ಹಿಡಿಯಿತು. ನಮ್ಮದು 32 ವರ್ಷ ಒಂದು ಬೆಲ್ಟು ಬಿಟ್ಟರೆ ಏನನ್ನೂ ಕೇಳಿಲ್ಲ. ಈ ಹೋಲಿಕೆಯಲ್ಲಿ ಹುಳುಕಿದೆ: ಅಕ್ಕ ದಿನ ಬಿಟ್ಟು ದಿನ ರುಬ್ಬುತ್ತಾಳೆ, ನಾವು ವಾರಕ್ಕೊಮ್ಮೆ.

ಮಧ್ಯಾಹ್ನ ಪೆಟ್ಟಿಗೆಯ ಹಿಂದಿನ ಹಲಗೆ ಬಿಚ್ಚಿದೆ. ಬೆಲ್ಟು ಕಳಚಿ ಮೋಟಾರನ್ನು ಒಂಟಿಯಾಗಿ ಓಡಿಸಿ ನೋಡಿದೆ. ಗುಂಯ್. ದಬ್ಬೆಯಿಂದ ಪುಲ್ಲಿಯನ್ನು ಬಲಕ್ಕೆ ತಿರುಗಿಸಿದರೆ ಬಲಕ್ಕೆ ಓಡಿತು. ನಿಲ್ಲಿಸಿ ಎಡಕ್ಕೆ ತಿರುಗಿಸಿದರೆ ಎಡಕ್ಕೆ ಓಡಿತು. (ಕೈ ಹಾಕಬೇಡಿ, ಕಡ್ಡಿಯೋ ದಬ್ಬೆಯೋ ಬಳಸಿ. ಹಿಡಿತ ಸಿಕ್ಕ ಕ್ಷಣ ಅದು ಜಿಗಿಯುತ್ತದೆ.) ಅಂದರೆ ಓಡುವ ಸುರುಳಿ ಸರಿ ಇದೆ, ಮೊದಲ ತಳ್ಳು ಕೊಡುವ ಸುರುಳಿಯ ದಾರಿಯಲ್ಲಿ ಎಲ್ಲೋ ಕಡಿದಿದೆ. ಆ ದಾರಿಯಲ್ಲಿ ಇರುವುದು ಮೂರೇ: ಸ್ಟಾರ್ಟಿಂಗ್ ವೈಂಡಿಂಗ್ (ಆ ಸುರುಳಿಯೇ), ಕೆಪಾಸಿಟರ್, ವೇಗ ಬಂದ ಮೇಲೆ ಆ ಸುರುಳಿಯನ್ನು ಬಿಡಿಸುವ ಸೆಂಟ್ರಿಫ್ಯೂಗಲ್ ಸ್ವಿಚ್. ಮೆಕ್ಯಾನಿಕ್‌ಗಳ ಬಾಯಲ್ಲಿ ಸಿ.ಎಫ್. ಸ್ವಿಚ್.

ಮಲ್ಟಿಮೀಟರು ಕಪಾಟಿನಲ್ಲೇ ಇತ್ತು. ಮೂರನ್ನೂ ಅಳೆಯಲು ಹತ್ತು ನಿಮಿಷ ಸಾಕಿತ್ತು. ಅಳೆಯಲಿಲ್ಲ. ‘ಗುಂಯ್ ಅಂದ್ರೆ ಕೆಪಾಸಿಟರ್ರೇ’ ಅಂತ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ಹೇಳಿದರು, ನಾನು ತಲೆಯಾಡಿಸಿದೆ. ಮೊದಲ ತಪ್ಪು ಅದು. ಮುಂದಿನ ಹತ್ತು ದಿನದ ಓಡಾಟ ಅಲ್ಲಿಂದ ಹುಟ್ಟಿತು.

ಜೂನ್ 10, ಮಂಗಳವಾರ: ಎಸ್‌.ಪಿ. ರಸ್ತೆ

ಹಳೇ ಕೆಪಾಸಿಟರಿನ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಕೈಯಲ್ಲಿ ಹಿಡಿದು ಹೋಗುವುದು ಬಿಟ್ಟು, ಆಫೀಸಿನಿಂದ ನೇರ, ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಬಿಡಿಭಾಗ ಸಿಗುವ ಎಸ್‌.ಪಿ. ರಸ್ತೆಗೆ ಹೋಗಿ “ಗ್ರೈಂಡರ್ ಕೆಪಾಸಿಟರ್ ಕೊಡಿ” ಅಂದೆ. ಟೇಬಲ್ ಟಾಪ್ ಅಂದುಕೊಂಡ ಅಂಗಡಿಯ ಹುಡುಗ ಬಿಳೀ ಡಬ್ಬಿಯ 10 ಎಂ.ಎಫ್‌.ಡಿ. (ಮೈಕ್ರೋಫ್ಯಾರಡ್, ಕೆಪಾಸಿಟರಿನ ಅಳತೆ) ಕೊಟ್ಟ. 90 ರೂಪಾಯಿ.

ಮನೆಗೆ ಬಂದು ಹಾಕಿದರೆ ಬೆಲ್ಟಿಲ್ಲದ ಮೋಟಾರು ಒಂದು ಸಲವೂ ತಾನಾಗಿ ಎದ್ದೇಳಲಿಲ್ಲ. ಆಮೇಲೆ ಹಳೆಯದನ್ನು ಸರಿಯಾಗಿ ನೋಡಿದೆ. ಕಪ್ಪು ಬೇಕಲೈಟ್ ಕೊಳವೆ, ದಪ್ಪ ಟಾರ್ಚಿನಷ್ಟು. ಇದು ಸ್ಟಾರ್ಟಿಂಗ್ ಕೆಪಾಸಿಟರ್. ಅರ್ಧ ಎಚ್‌.ಪಿ.ಗೆ 60–80 ಎಂ.ಎಫ್‌.ಡಿ., 275 ವೋಲ್ಟಿನದು ಬೇಕು. 10 ಎಂ.ಎಫ್‌.ಡಿ.ಯಿಂದ ಏನೂ ಆಗದು.

ಬಿಚ್ಚುವ ಮುನ್ನ ಕೆಪಾಸಿಟರಿನ ಎರಡು ತುದಿಗೆ ಹೋಲ್ಡರಿನಲ್ಲಿ ಹಾಕಿದ 100 ವಾಟ್ ಬಲ್ಬಿನ ವೈರು ತಾಗಿಸಿ ಚಾರ್ಜು ಇಳಿಸಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವವರಿದ್ದಾರೆ. ನಾನೂ ಕಾಲೇಜಿನಲ್ಲಿ ಮಾಡಿದ್ದೆ, ಆ ಸ್ಕ್ರೂಡ್ರೈವರಿನ ತುದಿಯಲ್ಲಿ ಇನ್ನೂ ಒಂದು ಗುಳಿಯಿದೆ.

ಜೂನ್ 12, ಗುರುವಾರ

ಮತ್ತೆ ಎಸ್‌.ಪಿ. ರಸ್ತೆ. ಸರಿಯಾದದ್ದು 140 ರೂಪಾಯಿ. ಹಾಕಿದೆ. ಗುಂಯ್.

ಜೂನ್ 14, ಶನಿವಾರ: ರಿವೈಂಡಿಂಗ್ ಅಂಗಡಿ

ತಾಳ್ಮೆ ತಪ್ಪಿತು. ನಾಲ್ಕು ಬೋಲ್ಟ್ ಬಿಚ್ಚಿ ಮೋಟಾರನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿ ಕೂರಿಸಿಕೊಂಡು, ಮೋಟಾರಿನ ಸುರುಳಿ ಹೊಸದಾಗಿ ಸುತ್ತಿಕೊಡುವ ಒಂದು ರಿವೈಂಡಿಂಗ್ ಅಂಗಡಿಗೆ ಹೋದೆ. ಅಲ್ಲಿದ್ದವರು ಮೋಟಾರಿನ ಗಾಳಿಕಿಂಡಿಗೆ ಮೂಗಿಟ್ಟು ಮೂಸಿದರು. “ಕಾಯಿಲ್ ಹೋಗಿದೆ ಸಾರ್. ತಾಮ್ರ ಆದ್ರೆ 2,200, ಅಲ್ಯೂಮಿನಿಯಂ ಆದ್ರೆ 1,400. ಬುಧವಾರ ಬನ್ನಿ.” ಮೀಟರು ಇಡಲಿಲ್ಲ. ನೋಡಿದ್ದಕ್ಕೆ ನೂರು ರೂಪಾಯಿ.

2,200ಕ್ಕೆ ಬೇರಿಂಗು, ಬೆಲ್ಟು ಸೇರಿಸಿದರೆ ನನ್ನ 3,100ರ ಗೆರೆ ಮುಟ್ಟುತ್ತದೆ. ಅಲ್ಲಿಗೆ ಕಥೆ ಮುಗಿಯಿತು, ಟೇಬಲ್ ಟಾಪ್ ತರುವುದೇ ಸೈ ಅನ್ನಿಸಿತು. ಬಿಟ್ಟು ಬರಬೇಕಿತ್ತು. ಆದರೆ ಏಳು ದಿನದ ಹಿಂದೆ ನೂಕಿದರೆ ಓಡುತ್ತಿದ್ದ ಮೋಟಾರು, ಬೆಲ್ಟಿಲ್ಲದೆ ಎರಡೂ ದಿಕ್ಕಿಗೆ ಸಲೀಸಾಗಿ ಓಡಿದ ಮೋಟಾರು, ಸುರುಳಿ ಸುಟ್ಟು ಹಾಗೆ ಓಡೀತೇ? ವಾಪಸು ಹೊತ್ತು ತಂದೆ.

ಮನೆಗೆ ಬಂದ ಮೇಲೆ ಕೊನೆಗೂ ಮೀಟರು ತೆಗೆದೆ. ಓಡುವ ಸುರುಳಿ 7.2 ಓಮ್. ಎರಡರಲ್ಲಿ ಯಾವುದಕ್ಕೂ ಮೋಟಾರಿನ ಮೈಗೂ ಸಂಪರ್ಕವಿಲ್ಲ. ಸ್ಟಾರ್ಟಿಂಗ್ ಸುರುಳಿಯನ್ನು ಹೊರಗಿನ ವೈರುಗಳಲ್ಲಿ ಅಳೆದರೆ ಏನೂ ಬರದು, ಪೂರಾ ಓಪನ್. ಹಿಂದಿನ ಮುಚ್ಚಳದ ಸಣ್ಣ ಕಿಂಡಿಯಿಂದ ಪ್ರೋಬ್ ತೂರಿಸಿ, ಸಿ.ಎಫ್. ಸ್ವಿಚ್ಚನ್ನು ದಾಟಿಸಿ, ಸುರುಳಿಯ ತುದಿಗೇ ಇಟ್ಟರೆ 16 ಓಮ್. ಎರಡು ಸುರುಳಿಯೂ ಜೀವಂತ. ಕಡಿದಿರುವುದು ಸ್ವಿಚ್ಚಿನಲ್ಲಿ. ಮೋಟಾರು ನಿಂತಿರುವಾಗ ಅದರ ಕಾಂಟ್ಯಾಕ್ಟ್ ಕೂಡಿಕೊಂಡಿರಬೇಕು, ವೇಗ ಬಂದ ಮೇಲೆ ‘ಟಕ್’ ಅಂತ ಬಿಡಬೇಕು. ಆಗ ಹೊಳೆಯಿತು: ಎಷ್ಟೋ ತಿಂಗಳಿಂದ ಆ ಟಕ್ ನನ್ನ ಕಿವಿಗೆ ಬಿದ್ದಿಲ್ಲ. ಅಮ್ಮನನ್ನು ಕೇಳಿದರೆ, “ಯುಗಾದಿ ಹೊತ್ತಿಗೇ ಒಂದೊಂದ್ಸಲ ಮೊಂಡು ಮಾಡ್ತಿತ್ತು ಕಣೋ, ನಾನು ಒಂದು ತಟ್ಟು ತಟ್ಟಿದ್ರೆ ಓಡೋದು” ಅಂದಳು. ಪೆಟ್ಟಿಗೆಗೆ ತಟ್ಟಿದಾಗ ಕಾಂಟ್ಯಾಕ್ಟು ಕೂಡಿಕೊಳ್ಳುತ್ತಿತ್ತು. ಮನೆಯಲ್ಲಿ ಯಂತ್ರ ಬಳಸುವವರನ್ನು ಎಲ್ಲಕ್ಕಿಂತ ಮೊದಲು ಕೇಳಬೇಕಿತ್ತು, ಕೊನೆಯಲ್ಲಿ ಕೇಳಿದೆ.

ಹಳೇ ಕೆಪಾಸಿಟರನ್ನು ಗೆಳೆಯನ ಮೀಟರಿನಲ್ಲಿ ಅಳೆಸಿದೆ. 68 ಎಂ.ಎಫ್‌.ಡಿ. ಅದಕ್ಕೆ ಏನೂ ಆಗಿರಲಿಲ್ಲ.

ಜೂನ್ 15, ಭಾನುವಾರ: ಮೋಟಾರು ಬಿಚ್ಚಿದ್ದು

ಸಾಮಾನು: 10–11ರ ರಿಂಗ್ ಸ್ಪ್ಯಾನರ್, ಸಾಕೆಟ್ ಸೆಟ್, ಸುತ್ತಿಗೆ, ಮರದ ತುಂಡು, ಬಾಡಿಗೆಗೆ ತಂದ ಮೂರು ಕಾಲಿನ ಬೇರಿಂಗ್ ಪುಲ್ಲರ್ (ಗೆಳೆಯನದು, ಬಾಡಿಗೆ ಅಂದರೆ ಒಂದು ಮಸಾಲೆ ದೋಸೆ), ಡಬ್ಲ್ಯುಡಿ-40 (ತುಕ್ಕು ಬಿಡಿಸುವ ಸ್ಪ್ರೇ), ಜೀರೋ ನಂಬರ್ ಎಮರಿ ಕಾಗದ, ಹಳೇ ಹಲ್ಲುಜ್ಜುವ ಬ್ರಶ್ಶು.

ನಾಲ್ಕು ಉದ್ದ ಬೋಲ್ಟ್ ಬಿಚ್ಚಿ ಮುಚ್ಚಳ ತಟ್ಟಿ ತೆಗೆದೆ. ಮುಚ್ಚಳಕ್ಕೂ ಮೈಗೂ ಸೇರಿಸಿ ಒಂದು ಗುರುತಿನ ಗೆರೆ ಎಳೆಯಬೇಕಿತ್ತು. ಎಳೆಯಲಿಲ್ಲ. ಮತ್ತೆ ಜೋಡಿಸುವಾಗ ವೈರು ಬರುವ ತೂತು ಮೋಟಾರಿನ ಕಾಲಿನ ಕಡೆಗೆ ಬಂತು, ಎಲ್ಲ ಬಿಚ್ಚಿ ಮತ್ತೆ ಹಾಕಿದೆ. ಒಂದು ಗಂಟೆ ದಂಡ.

ಒಳಗಿನ ನೋಟ ಹೇಳಲೇಬೇಕು. 32 ವರ್ಷದ ಹಿಟ್ಟಿನ ಪುಡಿ ಗ್ರೀಸಿನ ಜೊತೆ ಕಲೆತು, ಹುರಿಗಡಲೆ ಉಂಡೆಯ ಬಣ್ಣದ ಪದರವಾಗಿ ಸ್ವಿಚ್ಚಿನ ತಟ್ಟೆಯ ಮೇಲೆ ಕೂತಿತ್ತು. ಉಗುರಲ್ಲಿ ಕೆರೆದರೆ ಹೋಳಾಗಿ ಏಳುತ್ತದೆ, ಹಳೇ ಉದ್ದಿನ ವಾಸನೆಯೂ ಇದೆ. ಅದರ ನಡುವೆ ಎರಡು ಕಾಂಟ್ಯಾಕ್ಟ್ ಬೊಟ್ಟು. ಒಂದರ ಮೇಲೆ ಕಪ್ಪು ಗುಳಿ, ಇನ್ನೊಂದರ ಬೆಳ್ಳಿ ಪೂರ್ತಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಎಲೆಪಟ್ಟಿ ಬಿಗಿ ಕಳೆದುಕೊಂಡು ಬೆರಳಲ್ಲಿ ಒತ್ತಿದಲ್ಲಿ ನಿಲ್ಲುತ್ತಿತ್ತು.

ಎಮರಿ ಕಾಗದದಲ್ಲಿ ಉಜ್ಜಿದೆ, ಪಟ್ಟಿಯನ್ನು ಸ್ವಲ್ಪ ಬಗ್ಗಿಸಿದೆ, ಜೋಡಿಸಿದೆ. ಸ್ವಿಚ್ ಹಾಕಿದ ತಕ್ಷಣ ಓಡಿತು. ಟಕ್! ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ನಾಲ್ಕು ಸಲ ಓಡಿತು. ಐದನೆಯ ಸಲ ಎಲ್ಲರೂ ನಿಂತು ನೋಡುತ್ತಿದ್ದಾಗ ಗುಂಯ್.

ಬೆಳ್ಳಿ ಹೋದ ಬೊಟ್ಟನ್ನು ಉಜ್ಜಿ ಪ್ರಯೋಜನವಿಲ್ಲ. ಸ್ವಿಚ್ಚೇ ಹೊಸದು ಬೇಕು. ಹೇಗೂ ಬಿಚ್ಚಿದ್ದೇನೆ, ಬೇರಿಂಗನ್ನೂ ನೋಡಿದೆ. ಬೆರಳಲ್ಲಿ ತಿರುಗಿಸಿದರೆ ಒಳಗೆ ಮರಳು ಹಾಕಿದ ಹಾಗೆ ಗರಗರ. ಎರಡೂ 6203, ಅಂದರೆ ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರು. ನಂಬರು ರಿಂಗಿನ ಮೇಲೇ ಇರುತ್ತದೆ, ಡಬ್ಲ್ಯುಡಿ-40 ಹಾಕಿ ಒರೆಸಿದರೆ ಕಾಣುತ್ತದೆ.

ಜೂನ್ 17–18: ಬೇರಿಂಗು ಮತ್ತು ಫ್ರೀಜರು

ಎಸ್‌.ಜೆ.ಪಿ. ರಸ್ತೆಯಲ್ಲಿ 6203 ಝಡ್‌ಝಡ್ ಎರಡು, ತಲಾ 170. ಸಿ.ಎಫ್. ಸ್ವಿಚ್ಚು 160, ಈ ಸಲ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿದ್ದೆ.

ಮೊದಲ ಬೇರಿಂಗನ್ನು ಶಾಫ್ಟಿನ ಮೇಲಿಟ್ಟು ಮರದ ತುಂಡಿನ ಮೇಲಿಂದ ಸುತ್ತಿಗೆಯಲ್ಲಿ ಹೊಡೆದೆ. ಪೆಟ್ಟು ಬಿದ್ದದ್ದು ಹೊರ ರಿಂಗಿಗೆ. ಬೇರಿಂಗು ಕೂತಿತು, ಆದರೆ ತಿರುಗಿಸಿದರೆ ಕಟಕಟ. ಶಾಫ್ಟಿಗೆ ಕೂರಿಸುವಾಗ ಪೆಟ್ಟು ಒಳ ರಿಂಗಿಗೇ ಬೀಳಬೇಕು, ಹೊರ ರಿಂಗಿಗೆ ಹೊಡೆದರೆ ಬೇರಿಂಗಿನೊಳಗಿನ ಸಣ್ಣ ಗುಂಡುಗಳು ತಾವು ಉರುಳುವ ದಾರಿಯ ಮೇಲೆ ಗುಳಿ ಒತ್ತಿಬಿಡುತ್ತವೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೊಡೆದೆ, ರಾತ್ರಿ ಹತ್ತೂವರೆ ಆಗಿತ್ತು. 170 ರೂಪಾಯಿ ಹೋಯಿತು.

ಮಾರನೆಯ ದಿನ ಮೂರನೆಯ ಬೇರಿಂಗು ತಂದು ಬೇರೆ ದಾರಿ ಹಿಡಿದೆ. ರೋಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ಗಂಟೆ ಫ್ರೀಜರಿನಲ್ಲಿ, ತುರಿದ ಕಾಯಿ ಡಬ್ಬಿಯ ಪಕ್ಕ. ಬೇರಿಂಗನ್ನು ಉರಿಯುವ 100 ವಾಟ್ ಬಲ್ಬಿನ ಮೇಲೆ ಅರ್ಧ ಗಂಟೆ. ಆಮೇಲೆ ಬಟ್ಟೆಯಲ್ಲಿ ಹಿಡಿದು ಹಾಕಿದರೆ ಮುಕ್ಕಾಲು ದಾರಿ ತಾನೇ ಜಾರಿತು, ಉಳಿದದ್ದಕ್ಕೆ ಒಳ ರಿಂಗಿನ ಮೇಲೆ ಮಾತ್ರ ಕೂರುವ ಒಂದು ಸಾಕೆಟ್ ಇಟ್ಟು ಎರಡು ಮೆಲುಪೆಟ್ಟು. ಫ್ರೀಜರ್ ತೆಗೆದ ಹೆಂಡತಿ ಏನೂ ಅನ್ನಲಿಲ್ಲ. ಬಾಗಿಲು ಮುಚ್ಚಿ ಹೋದಳು. ಅದೇ ಹೆಚ್ಚು ಭಯ ಆದದ್ದು.

ಸ್ವಿಚ್ ಹಾಕುವಾಗ ಸ್ಟಾರ್ಟಿಂಗ್ ಸುರುಳಿಯ ಎರಡು ವೈರು ಅದಲುಬದಲಾಗಿ ಮೋಟಾರು ಉಲ್ಟಾ ಓಡಿತು. ಆ ಎರಡನ್ನೇ ಮತ್ತೆ ಅದಲುಬದಲು ಮಾಡಿದರೆ ಸರಿಯಾಗುತ್ತದೆ. ಮೊದಲೇ ಫೋಟೋ ತೆಗೆದಿದ್ದೆ, ಫ್ಲ್ಯಾಶಿನ ಬೆಳಕಿಗೆ ಕೆಂಪು ಯಾವುದು ಹಳದಿ ಯಾವುದು ತಿಳಿಯುತ್ತಿರಲಿಲ್ಲ. ಈಗ ವೈರಿಗೆ ಕಾಗದದ ಚೀಟಿ ಅಂಟಿಸುತ್ತೇನೆ.

ಜೂನ್ 22, ಭಾನುವಾರ: ಬೆಲ್ಟು

ಹಳೇ ಬೆಲ್ಟು ಒಳಗಡೆ ಬಿರುಕು ಬಿಟ್ಟಿತ್ತು, ನಂಬರು ಅಳಿಸಿತ್ತು. ದಾರ ಸುತ್ತಿ ಹೊರಗಿನ ಅಳತೆ ತೆಗೆದೆ: 50 ಇಂಚು. ಎ-50 ತಂದೆ, 140 ರೂಪಾಯಿ. ತೊಟ್ಟಿಲಿನ ಹಾಗೆ ಜೋತುಬಿತ್ತು. ಎ ಸಾಲಿನ ಬೆಲ್ಟಿನ ನಂಬರು ಒಳಸುತ್ತಿನ ಇಂಚು. ಹೊರಸುತ್ತು ಅದಕ್ಕಿಂತ ಎರಡು ಇಂಚು ಹೆಚ್ಚು. ಬೇಕಾಗಿದ್ದದ್ದು ಎ-48. ಮೋಟಾರನ್ನು ಹಿಂದಕ್ಕೆ ಸರಿಸಿ ಹೊಂದಿಸೋಣ ಅಂದರೆ ಕಾಲಿನ ಸೀಳಿನಲ್ಲಿ ಇರುವ ಜಾಗ ಮುಕ್ಕಾಲು ಇಂಚು, ಸಾಲದು. ಆದರೂ ಹಾಕಿ ಓಡಿಸಿ ನೋಡಿದ್ದರಿಂದ ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಇನ್ನೊಂದು 140.

ಎ-48 ಸರಿಯಾಗಿ ಕೂತಿತು. ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಅರ್ಧ ಇಂಚು ಬಗ್ಗುವಷ್ಟು ಬಿಗಿ. ಒರಳಿನ ಶಾಫ್ಟು ಒಳಗೆ ತಿರುಗುವ ಲೋಹದ ಬಳೆಗೆ, ಅಂದರೆ ಬುಷ್ಷಿಗೆ, ಗ್ರೀಸು ತುಂಬಿದೆ. ಒರಳನ್ನು ಹಿಡಿದು ಅಲುಗಿಸಿದರೆ ಒಂದು ಮಿಲಿಮೀಟರಿನಷ್ಟು ಆಟ ಇದೆ. ಅದನ್ನು ಮುಟ್ಟಲಿಲ್ಲ. ಆ ಬುಷ್ಷು ಹೊಸದಾಗಿ ಹಾಕಬೇಕಾದರೆ ಲೇತಿನಲ್ಲಿ ಕಡೆಸಬೇಕು. ಅದು ಹೋದ ದಿನ ಗ್ರೈಂಡರಿನ ಆಯಸ್ಸು ಮುಗಿಯಿತು ಅಂತಲೇ ಬರೆದಿಟ್ಟುಕೊಂಡಿದ್ದೇನೆ.

ಸಂಜೆ ಬರೀ ಅಕ್ಕಿ ಹಾಕಿ ಓಡಿಸಿದೆ. ಓಡಿತು, ಶಬ್ದವೂ ಕಡಿಮೆ. ಹಿಟ್ಟು ಮಾತ್ರ 40 ನಿಮಿಷ ಆದರೂ ರವೆ ರವೆ. ಅಮ್ಮ ಎರಡು ಬೆರಳಲ್ಲಿ ಉಜ್ಜಿ ನೋಡಿ, “ಕಲ್ಲು ಕುಟ್ಟಿಸಿ ಎಷ್ಟು ವರ್ಷ ಆಯ್ತು?” ಅಂದಳು.

ಜೂನ್ 24–27: ಕಲ್ಲು

ನಾನು ಚಿಕ್ಕವನಿದ್ದಾಗ ‘ಕಲ್ ಕುಟ್ಸ್ತೀರಾ, ಒರಳ್ ಕಲ್’ ಅಂತ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದರು. ಈಗ ನಮ್ಮ ಬೀದಿಗೆ ಬರುವುದು ಬೆಡ್‌ಶೀಟು ಮತ್ತು ಹಳೇ ಪೇಪರಿನವರು. ನಾನೇ ಕುಟ್ಟಿದರಾಯಿತು ಅಂತ ಕಾಂಕ್ರೀಟು ಉಳಿ ತೆಗೆದುಕೊಂಡು ಗುಂಡಿನ ಮೇಲೆ ಏಳೆಂಟು ಏಟು ಹಾಕಿದೆ. ಒಂಬತ್ತನೆಯದಕ್ಕೆ ಗುಂಡಿನ ಕೆಳ ಅಂಚಿನಿಂದ ಎಂಟಾಣೆ ಅಗಲದ ಚಕ್ಕೆ ಹಾರಿ ಅಡುಗೆಮನೆಯ ಬಾಗಿಲಿಗೆ ಬಡಿಯಿತು. ಕಣ್ಣಿಗೆ ಕನ್ನಡಕ ಇತ್ತು, ಓದುವ ಕನ್ನಡಕ.

ಮಾಗಡಿ ರಸ್ತೆ ಕಡೆ ರಸ್ತೆ ಬದಿಯಲ್ಲಿ ಒರಳು, ಬೀಸುಕಲ್ಲು ಮಾರುವವರನ್ನು ಹುಡುಕಿ ಕೇಳಿದೆ. ಒಬ್ಬರು ಶುಕ್ರವಾರ ಮನೆಗೇ ಬಂದರು. 500 ರೂಪಾಯಿ, ಒಂದೂವರೆ ಗಂಟೆ. ಮೊದಲು ಕಲ್ಲಿಗೆ ನೀರು ಚಿಮುಕಿಸಿ ಅಂಗೈಯಲ್ಲಿ ಸವರಿದರು. ನುಣುಪಾದ ಕಡೆ ನೀರು ಜಾರುತ್ತದೆ, ಒರಟಿರುವ ಕಡೆ ನಿಲ್ಲುತ್ತದೆ. ನನ್ನ ಹಾಗೆ ಉಳಿಯನ್ನು ಬಿಗಿಹಿಡಿಯಲಿಲ್ಲ. ಎರಡು ಬೆರಳು, ಒಂದು ಹೆಬ್ಬೆರಳು, ಉಳಿ ಕೈಯಲ್ಲೇ ಕುಣಿಯುತ್ತದೆ. ಮಳೆಹನಿ ಬಿದ್ದ ಹಾಗೆ ಸಮನಾದ ಚುಕ್ಕಿ, ಒಂದು ಸಾಲು ಮುಗಿದ ಮೇಲೆ ಪಕ್ಕದ ಸಾಲು. ಏಟಿನ ಶಬ್ದ ಎಲ್ಲೂ ಹೆಚ್ಚಾಗಲಿಲ್ಲ. ನಾನು ಹಾರಿಸಿದ ಚಕ್ಕೆಯ ಜಾಗಕ್ಕೆ ಬಂದಾಗ ಮಾತ್ರ ನಿಲ್ಲಿಸಿ, “ಇದ್ಯಾರು ಹೊಡ್ದಿದ್ದು?” ಅಂದರು. ಅಂಚನ್ನು ನಯ ಮಾಡಿಕೊಟ್ಟರು. ಗುಂಡು ಕುಂಟುವುದಿಲ್ಲ, ಹಿಟ್ಟು ಅಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ, ಅಷ್ಟೇ.

ಅವರು ಹೇಳಿದ ಹಾಗೆ ಮೂರು ಸಲ ನುಚ್ಚಕ್ಕಿ ರುಬ್ಬಿ ಚೆಲ್ಲಿದೆವು. ಮೊದಲ ಸಲದ ಹಿಟ್ಟು ಬೂದು ಬಣ್ಣ, ಮೂರನೆಯ ಸಲದ್ದು ಬಿಳಿ. ಬಿಳಿ ಬರುವ ತನಕ ಬಾಯಿಗೆ ಹಾಕಬೇಡಿ, ಹಲ್ಲಿಗೆ ಕಲ್ಲು ಸಿಗುತ್ತದೆ.

ಜೂನ್ 28, ಶನಿವಾರ: ರುಬ್ಬಿದ್ದು, ಎತ್ತಿದ್ದು

ಉದ್ದು 25 ನಿಮಿಷ, ಅಕ್ಕಿ 20 ನಿಮಿಷ. ಹಿಟ್ಟು ಮುಟ್ಟಿದರೆ ತಣ್ಣಗೆ. ಉದ್ದಿನ ಹಿಟ್ಟಿನ ಉಂಡೆ ನೀರಿನ ಲೋಟದಲ್ಲಿ ತೇಲಿತು. ಅಮ್ಮ ಮಾತಾಡಲಿಲ್ಲ, ಆದರೆ ಆ ಲೋಟವನ್ನು ಪಕ್ಕದ ಮನೆಯವರಿಗೆ ತೋರಿಸಿ ಬಂದಳು.

ಆಮೇಲೆ ಗುಂಡು ತೆಗೆಯುವ ಹೊತ್ತು. ಹೆಂಡತಿ ಕೈಕಟ್ಟಿ ನಿಂತಿದ್ದಳು. ಜೂನ್ 7ರ ಉಳಿದರ್ಧ ಪ್ರಶ್ನೆ ಆಗ ಕೇಳಿಸಿತು. ಇಷ್ಟು ವರ್ಷ ಎತ್ತುತ್ತಿದ್ದದ್ದು ಅವಳು, ಅದಕ್ಕೂ ಮೊದಲು ಅಮ್ಮ. ಅಮ್ಮನಿಗೆ ಈಗ 71. ಹೆಂಡತಿಗೆ ಕಳೆದ ವರ್ಷ ಸೊಂಟ ಹಿಡಿದಾಗ ಡಾಕ್ಟರು ಭಾರ ಎತ್ತಬೇಡಿ ಅಂದಿದ್ದರು. ಆಗ ನಾನು ಗ್ಯಾಸ್ ಸಿಲಿಂಡರಿನ ಬಗ್ಗೆ ಮಾತ್ರ ಯೋಚಿಸಿದ್ದೆ. ತೂಕದ ಯಂತ್ರದ ಮೇಲೆ ನಾನು ಒಬ್ಬನೇ ನಿಂತು, ಆಮೇಲೆ ತೊಳೆದ ಗುಂಡು ಹಿಡಿದು ನಿಂತೆ. ವ್ಯತ್ಯಾಸ 13.5 ಕೆ.ಜಿ. ಹಿಟ್ಟು ಮೆತ್ತಿಕೊಂಡು ಜಾರುತ್ತಿರುವಾಗ, ಬಗ್ಗಿಕೊಂಡು, ಎರಡು ಕೈ ಚಾಚಿ ಎತ್ತಬೇಕಾದದ್ದು ಇದು.

ಓಮ್ ಅಳೆದೆ, ಎಂ.ಎಫ್‌.ಡಿ. ಅಳೆದೆ, ಇಂಚು ಅಳೆದೆ. ಇದೊಂದನ್ನು ಮೂರು ವಾರ ತಡವಾಗಿ ಅಳೆದೆ. ಮೊದಲ ದಿನವೇ ಲಗ್ನಪತ್ರಿಕೆಯ ಹಿಂದೆ ಈ ಅಂಕಿ ಬರೆದಿದ್ದರೆ ಬಹುಶಃ ಟೇಬಲ್ ಟಾಪೇ ತರುತ್ತಿದ್ದೆ. ಅದರ ಗುಂಡುಗಳನ್ನು ಒಂದೇ ಕೈಯಲ್ಲಿ ಎತ್ತಬಹುದು.

ಜೂನ್ 29, ಭಾನುವಾರ: ತೊಟ್ಟಿಲ ಕೊಂಡಿ

ದೋಸೆ ಚೆನ್ನಾಗಿತ್ತು. ತಿಂದ ಧೈರ್ಯದಲ್ಲಿ ಇನ್ನೊಂದು ಕೆಲಸ ಮಾಡಿದೆ. ಮಗಳ ತೊಟ್ಟಿಲಿಗೆ ಅಂತ ಸೂರಿಗೆ ಹಾಕಿಸಿದ್ದ ಕಬ್ಬಿಣದ ಕೊಂಡಿ ಇನ್ನೂ ಹಾಗೇ ಇದೆ. ಗ್ರೈಂಡರನ್ನು ಅದರ ಕೆಳಗೆ ಸರಿಸಿ, 260 ರೂಪಾಯಿಗೆ ರಾಟೆ, ನೈಲಾನ್ ಹಗ್ಗ ತಂದು, ಗುಂಡಿನ ಹಿಡಿಗೆ ಗಂಟು ಹಾಕಿ ಎಳೆದೆ. ಸಲೀಸಾಗಿ ಮೇಲೆ ಬಂತು. ಒರಳಿನ ಅಂಚು ದಾಟಿದ ಕೂಡಲೇ ದೇವಸ್ಥಾನದ ಗಂಟೆಯ ಹಾಗೆ ತೂಗಾಡಿ ಸನ್‌ಮೈಕಾಗೆ ಒಂದು ಗುದ್ದು ಕೊಟ್ಟಿತು. ಹಿಡಿಯಲು ಹೋಗಿ ಹಗ್ಗ ಬಿಟ್ಟೆ. ಒಂದು ಟೈಲು ಸೀಳಿತು. ಕಾಲಿನಿಂದ ಗೇಣು ದೂರ. ಹಗ್ಗ ಈಗ ಬಟ್ಟೆ ಒಣಹಾಕಲು ಬಳಕೆಯಾಗುತ್ತಿದೆ.

ಖರ್ಚಿನ ಪಟ್ಟಿ

ಬೇಕಾಗಿ ಆದದ್ದು: ಸಿ.ಎಫ್. ಸ್ವಿಚ್ 160, ಬೇರಿಂಗು ಎರಡು 340, ಬೆಲ್ಟು 140, ಗ್ರೀಸು, ಎಮರಿ ಕಾಗದ, ಡಬ್ಲ್ಯುಡಿ-40 ಸೇರಿ 320, ಕಲ್ಲು ಕುಟ್ಟಿದ್ದು 500. ಒಟ್ಟು 1,460.

ನನ್ನ ಅವಸರಕ್ಕೆ ಆದದ್ದು: ತಪ್ಪು ಕೆಪಾಸಿಟರ್ 90, ಸರಿಯಾದ ಆದರೆ ಬೇಡವಾಗಿದ್ದ ಕೆಪಾಸಿಟರ್ 140, ಮೂಸಿ ನೋಡಿದ್ದಕ್ಕೆ 100, ಕೆಡಿಸಿದ ಬೇರಿಂಗು 170, ಎ-50 ಬೆಲ್ಟು 140, ರಾಟೆ ಹಗ್ಗ 260. ಒಟ್ಟು 900.

ಎಲ್ಲ ಸೇರಿ 2,360. ಗೆರೆಯೊಳಗೇ ಇದೆ. ಸೀಳಿದ ಟೈಲನ್ನು ಇನ್ನೂ ಬದಲಾಯಿಸಿಲ್ಲ, ಲೆಕ್ಕಕ್ಕೂ ಸೇರಿಸಿಲ್ಲ. ಗ್ರೈಂಡರ್ ನಿಲ್ಲಿಸಿದ್ದ ಮೂಲ ರೋಗಕ್ಕೆ ಬೇಕಾಗಿದ್ದದ್ದು ಆ 160ರ ಸ್ವಿಚ್ಚೊಂದೇ.

ಈಗಿನ ಏರ್ಪಾಡು: ರುಬ್ಬುವುದು ಶನಿವಾರ ಸಂಜೆ ಏಳರ ಮೇಲೆ ಮಾತ್ರ, ಗುಂಡು ಎತ್ತುವುದು ನಾನು, ತೊಳೆಯುವುದೂ ನಾನು. ಜುಲೈ ಎರಡನೆಯ ಶನಿವಾರ ಆಫೀಸಿನ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿದ್ದೆ, ಆ ವಾರ ಮನೆಯಲ್ಲಿ ಉಪ್ಪಿಟ್ಟು. ಸುರುಳಿ ನಿಜವಾಗಿ ಸುಟ್ಟರೆ ಅಥವಾ ಒರಳಿನ ಬುಷ್ಷು ಹೋದರೆ ಇನ್ನು ರಿಪೇರಿ ಇಲ್ಲ ಅಂತ ಇಬ್ಬರೂ ಒಪ್ಪಿದ್ದೇವೆ. ಟೇಬಲ್ ಟಾಪಿನ ಬೆಲೆಯನ್ನು ಹೆಂಡತಿ ಆಗಾಗ ಫೋನಿನಲ್ಲಿ ನೋಡುತ್ತಿರುತ್ತಾಳೆ.

ಮುಂದೆ ಬಿಚ್ಚುವವರಿಗೆ ಬೇಕಾದೀತು ಅಂತ ಪೆಟ್ಟಿಗೆಯ ಹಿಂದಿನ ಹಲಗೆಯ ಒಳಮೈಯಲ್ಲಿ ಮಾರ್ಕರಿನಲ್ಲಿ ಬರೆದಿದ್ದೆ: ‘ಬೇರಿಂಗ್ 6203 – 2. ಬೆಲ್ಟ್ ಎ-48. ಕೆಪಾಸಿಟರ್ 60–80. ಸಿ.ಎಫ್. ಸ್ವಿಚ್ ಜೂನ್ 2025.’ ಮೊನ್ನೆ ಬೆಲ್ಟಿನ ಬಿಗಿ ನೋಡಲು ಹಲಗೆ ತೆಗೆದರೆ ಅದರ ಕೆಳಗೆ ಪೆನ್ಸಿಲಿನಲ್ಲಿ, ಹೆಂಡತಿಯ ಅಕ್ಷರದಲ್ಲಿ, ಇನ್ನೊಂದು ಸಾಲು ಸೇರಿತ್ತು: ‘ಗುಂಡು 13.5 ಕೆ.ಜಿ.’